ಸದ್ದಪ್ಪನ ರಾಕೆಟ್ಟೂ ಬಚ್ಚಲಮನೆಯ ಮೆಷಿನ್ನೂ

ಆ ಮನುಷ್ಯ ಮೊದಲ ಸಲ ಬಾಗಿಲು ತಟ್ಟಿದ ದಿನ ಟಿ.ಸಿ. ಅಮ್ಮನ ಮನೆಯ ವಾಷಿಂಗ್ ಮೆಷಿನ್ನು ಬಟ್ಟೆ ಹಿಂಡುತ್ತಿತ್ತು. ಹಿಂಡುತ್ತಿತ್ತು ಎಂದರೆ ಸಾಲದು. ಅದು ಹಿಂಡಲು ಶುರು ಮಾಡಿದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ಹಣೆ ಚಚ್ಚಿಕೊಳ್ಳುತ್ತಿದ್ದವು, ಕೆಳಗಿನ ಮನೆಯ ಕೂಸು ಎದ್ದು ಕೂಗುತ್ತಿತ್ತು. ಮೂರು ಮಹಡಿಯ ಆ ಕಟ್ಟಡದಲ್ಲಿ ಇದರ ಬಗ್ಗೆ ದೂರು ಹೇಳದೆ ಉಳಿದಿದ್ದವನು ಮೇಲಿನ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಒಂಟಿ ಗಂಡಸೊಬ್ಬನೇ. ಇವನ ಸರದಿಯೂ ಬಂತು ಎಂದುಕೊಂಡು ಆಕೆ ಒದ್ದೆ ಕೈಯಲ್ಲೇ ಚಿಲಕ ತೆಗೆದಳು.

ಹೊಸ್ತಿಲಾಚೆ ನಿಂತವನಿಗೆ ತಲೆಯಲ್ಲಿ ಕೂದಲಿರಲಿಲ್ಲ, ಕೊರಳಲ್ಲಿ ಮೈಕಿನ ವೈರಿತ್ತು. ಕಾಳು ಹುಡುಕುವ ಕೋಳಿಯ ಹಾಗೆ ಕತ್ತು ಒಂದು ಕಡೆಗೆ ವಾಲಿಸಿಕೊಂಡಿದ್ದ.

"ದೂರು ಹೇಳೋಕೆ ಬಂದಿದ್ರೆ ಸಾಲಲ್ಲಿ ನಿಂತ್ಕೋಪ್ಪ. ನಿನಗಿಂತ ಮುಂಚೆ ಬಹಳ ಜನ ಇದ್ದಾರೆ," ಎಂದಳು ಆಕೆ.

"ದೂರಲ್ಲ ಅಮ್ಮಾ. ಈ ಮೆಷಿನ್ನನ್ನ ಇನ್ನೊಂದು ಸಲ ಹಾಕ್ತೀರಾ?"

"ಬಟ್ಟೆ ಹಿಂಡಿ ಆಯ್ತಲ್ಲ."

"ಒದ್ದೆ ಮಾಡಿ ಇನ್ನೊಂದು ಸಲ ಹಿಂಡಿ."

ಟಿ.ಸಿ. ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹುಚ್ಚರು ಇಷ್ಟು ಮರ್ಯಾದೆಯಿಂದ ಕೇಳುವುದಿಲ್ಲ. ಅವನು ಬಚ್ಚಲಿನ ಕಡೆ ಎರಡು ಹೆಜ್ಜೆ ಇಟ್ಟದ್ದೇ ತಡ, ಆಕೆ ಅಡ್ಡ ನಿಂತಳು.

"ಒಳಗೆ ಹೋಗೋ ಹಾಗಿಲ್ಲ."

ಹೋಗುವ ಹಾಗಿರಲಿಲ್ಲ, ಯಾಕೆಂದರೆ ಮೆಷಿನ್ನಿನ ಮೇಲೆ ಯಜಮಾನರು ಕೂತಿದ್ದರು.

ಆ ಮೆಷಿನ್ನಿಗೆ ಒಂದು ಕಾಲು ಮೋಟು. ಹಿಂಡುವಾಗ ಅದು ನಿಂತಲ್ಲಿ ನಿಲ್ಲದೆ ನಡೆಯುತ್ತಿತ್ತು. ಒಮ್ಮೆ ಹೀಗೇ ನಡೆದು ಬಂದು ಬಚ್ಚಲಿನ ಬಾಗಿಲಿಗೆ ಒತ್ತಿ ನಿಂತು ಆಕೆಯನ್ನು ಒಳಗೇ ಸಿಕ್ಕಿಸಿಬಿಟ್ಟಿತ್ತು. ಯಜಮಾನರು ಸಂಜೆ ಬಂದು ಬಾಗಿಲನ್ನು ಕಳಚಿ ಹೆಂಡತಿಯನ್ನು ಬಿಡಿಸಬೇಕಾಯಿತು. ಮಾರನೆಯ ವಾರದಿಂದ ಹಿಂಡುವ ಹೊತ್ತಿಗೆ ಅವರೇ ಅದರ ಮೇಲೆ ಹತ್ತಿ ಕೂರತೊಡಗಿದರು. ಅವರ ಭಾರಕ್ಕೆ ಅದು ತೆಪ್ಪಗೆ ನಿಂತಲ್ಲೇ ಗುಡುಗುತ್ತಿತ್ತು.

ಯಜಮಾನರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕಟ್ಟಡದವರು ಅವರಿಗೆ ಟಿ.ಸಿ. ಎಂದೂ ಆಕೆಗೆ ಟಿ.ಸಿ. ಅಮ್ಮ ಎಂದೂ ಕರೆಯುತ್ತಿದ್ದುದು ಅದಕ್ಕೇ. ಕೂರಬಾರದ ಕಡೆ ಕೂತವರನ್ನು ಎಬ್ಬಿಸುವುದೇ ಅವರ ಜೀವಮಾನದ ಕೆಲಸ. ಟ್ರಂಕಿನ ಮೇಲೆ ಕೂತವರು, ಮೆಟ್ಟಿಲ ಮೇಲೆ ಕೂತವರು, ಇನ್ನೊಬ್ಬರ ಸೀಟಿನಲ್ಲಿ ನಿದ್ದೆ ನಟಿಸುವವರು, ಯಾರನ್ನೂ ಬಿಟ್ಟವರಲ್ಲ. ಅಂಥವರು ಬನಿಯನ್-ಚಡ್ಡಿಯಲ್ಲಿ, ಮಂಡಿ ಜೋಡಿಸಿಕೊಂಡು, ವಾಷಿಂಗ್ ಮೆಷಿನ್ನಿನ ಮೇಲೆ ಕೂತು ಗಡಗಡ ನಡುಗುವುದೆಂದರೆ ಸಣ್ಣ ಮಾತಲ್ಲ. "ಈ ವಿಷಯ ಬಚ್ಚಲು ದಾಟಿ ಹೋಗಬಾರದು" ಎಂದು ಅವರು ಮಾತು ತೆಗೆದುಕೊಂಡಿದ್ದರು. ಮುಟ್ಟಿ ಆಣೆ ಮಾಡಲು ಹತ್ತಿರದಲ್ಲಿ ಬೇರೇನೂ ಇರಲಿಲ್ಲವಾದ್ದರಿಂದ ಆಕೆ ನಲ್ಲಿ ಮುಟ್ಟಿ ಮಾತು ಕೊಟ್ಟಿದ್ದಳು.

ಮೊದಮೊದಲು ಅವರು ಮುನಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಯಾವಾಗಲೋ ಈ ಕಡೆ ತಿರುಗಿದರು, ಆಕೆ ನಿಂತು ಬಟ್ಟೆ ಜಾಲಾಡಿಸುವ ಕಡೆಗೆ. ಕಟ್ಟಿಸಿದ ಹಲ್ಲು ಜಾರದಿರಲೆಂದು ಬಾಯಿ ಬಿಗಿದು "ಹ್ಞೂಂ" ಎನ್ನುತ್ತಾ ಇರುತ್ತಿದ್ದರು. ನಡುನಡುವೆ ಹಲ್ಲನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಿಲ್ಲದ ಕಡೆ ಎಂದೂ ಆಡದ ಮಾತನ್ನು ಆ ಗದ್ದಲದಲ್ಲಿ ಆಡುತ್ತಿದ್ದರು. ಡಾಕ್ಟರೆಂದರೆ ತಮಗೆ ಭಯ ಎಂದು ಹೇಳಿದ್ದು ಅಲ್ಲೇ. ಒಂದು ಸಲ ಟಿಕೆಟ್ಟಿಲ್ಲದ ಬಸುರಿಯೊಬ್ಬಳನ್ನು ಕಂಡೂ ಕಾಣದ ಹಾಗೆ ದಾಟಿ ಹೋಗಿದ್ದೆ ಎಂದದ್ದೂ ಅಲ್ಲೇ.

ಈಗ ಇಂಥದ್ದರ ನಡುವೆ ಈ ಬೋಳುತಲೆ ಬಂದು ನಿಂತಿದೆ. ಕೊನೆಗೆ ಒಂದು ಒಪ್ಪಂದವಾಯಿತು: ಅವನು ಹೊರಗೇ ಸ್ಟೂಲಿನ ಮೇಲೆ ನಿಂತು ಬಚ್ಚಲಿನ ಬಾಗಿಲ ಮೇಲಿನ ಕಿಂಡಿಯಿಂದ ಮೈಕನ್ನು ಮಾತ್ರ ಒಳಗೆ ಬಿಡಬೇಕು, ಕಣ್ಣನ್ನಲ್ಲ. ಆಕೆ ಒಳಗೆ ಹೋಗಿ ಬಟ್ಟೆ ಒದ್ದೆ ಮಾಡಿದಳು.

"ಯಾರೇ ಅದು?" ಎಂದು ಪಿಸುಗುಟ್ಟಿದರು ಯಜಮಾನರು.

"ಮೇಲಿನ ಮನೆಯವನು. ಸದ್ದು ಹಿಡಿಯೋಕೆ ಬಂದಿದ್ದಾನಂತೆ."

"ಸದ್ದು ಹಿಡಿಯೋದಾ? ಯಾರಪ್ಪ ಇವನು, ಸದ್ದಪ್ಪ?"

ಅವನಿಗೆ ಆ ಹೆಸರು ಗಟ್ಟಿಯಾಯಿತು.

ಸದ್ದಪ್ಪನ ಪೂರ್ವಾಪರ ಆಮೇಲೆ ಒಂದೊಂದಾಗಿ ತಿಳಿಯಿತು. ಅವನಪ್ಪನದು ಧ್ವನಿವರ್ಧಕ ಬಾಡಿಗೆ ಕೊಡುವ ಅಂಗಡಿ. ಎಳೆಯ ಮಗುವನ್ನು ಸ್ಪೀಕರಿನ ಪಕ್ಕದಲ್ಲೇ ಮಲಗಿಸುತ್ತಿದ್ದರು, ಹೀಗಾಗಿ ಎಡಗಿವಿ ಅಲ್ಲೇ ಕೈಬಿಟ್ಟಿತು. ಉಳಿದ ಒಂದೇ ಕಿವಿಯಲ್ಲಿ ಜಗತ್ತನ್ನೆಲ್ಲ ತುಂಬಿಸಿಕೊಳ್ಳುವ ಆತುರಕ್ಕೇ ಕತ್ತು ಹಾಗೆ ವಾಲಿದ್ದು. ಸ್ವಲ್ಪ ದಿನ ಕಿವುಡರ ಯಂತ್ರ ಮಾರುವ ಅಂಗಡಿಯಲ್ಲಿದ್ದ. ಬಂದವರಿಗೆ "ನಿಮ್ಮ ಮನೇಲಿ ಕೇಳಿಸಿಕೊಳ್ಳೋ ಅಂಥದ್ದು ಏನಾದ್ರೂ ಇದೆಯಾ, ಮೊದಲು ಯೋಚನೆ ಮಾಡಿ" ಎಂದು ಬುದ್ಧಿ ಹೇಳುತ್ತಿದ್ದನಂತೆ. ಅಲ್ಲಿಂದ ಓಡಿಸಿದರು.

ಮದುವೆ ಮುರಿದದ್ದೂ ಕಿವಿಯಿಂದಲೇ. ಜಗಳವಾಡಿದ ಹೆಂಡತಿ ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಟಳು. ಇವನು ಮೆಟ್ಟಿಲಿಳಿದು ಹಿಂದೆಯೇ ಓಡಿದ. ಗಂಡ ಕ್ಷಮೆ ಕೇಳುತ್ತಾನೆ ಎಂದು ಅವಳೂ ನಿಂತಳು. "ಬಾಗಿಲು ಬಹಳ ಚೆನ್ನಾಗಿತ್ತು, ಇನ್ನೊಂದು ಸಲ ಹಾಕ್ತೀಯಾ? ಮೈಕ್ ಇಟ್ಟಿರಲಿಲ್ಲ," ಎಂದ. ಅವಳು ವಾಪಸು ಬಂದು ಹಾಕಿದಳು. ಮೊದಲಿನದಕ್ಕಿಂತ ಚೆನ್ನಾಗಿಯೇ ಹಾಕಿದಳು. ಆಮೇಲೆ ಆ ಬಾಗಿಲಿನ ಕಡೆ ತಲೆಯನ್ನೂ ಹಾಕಲಿಲ್ಲ.

ಅವನು ಆಗ ಸೇರಿಕೊಂಡಿದ್ದುದು ವಿಡಿಯೋ ಗೇಮ್ ಮಾಡುವ ಒಂದು ಪುಟ್ಟ ಕಂಪನಿಗೆ. ಅದರ ಒಡೆಯ ಹಿಂದೆ ಹಾಸಿಗೆ ಮಾರುತ್ತಿದ್ದವನು. ಜನರನ್ನು ಮಲಗಿಸುವ ವ್ಯಾಪಾರ ಬಿಟ್ಟು ಹಾರಿಸುವ ವ್ಯಾಪಾರಕ್ಕೆ ಇಳಿದಿದ್ದ. ಅವರು ಮಾಡುತ್ತಿದ್ದ ಆಟದಲ್ಲಿ ಗುಂಡು ಹಾರಿಸುವುದಿಲ್ಲ, ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಆಡುವವನು ತಾನೇ ರಾಕೆಟ್ಟು ಜೋಡಿಸಿ, ಇಂಧನ ತುಂಬಿಸಿ, ಕಿಡಿ ಹಚ್ಚಿ, ಭೂಮಿ ಸುತ್ತಿ, ಚಂದ್ರನ ಮೇಲೆ ಇಳಿಯಬೇಕು. ನಿಜದಲ್ಲಿ ಹೇಗೆ ಬೀಳುತ್ತದೋ ಹಾಗೇ ಬೀಳಬೇಕು. ಕುರ್ಚಿ ಬಿಡದೆ ಚಂದ್ರನಿಗೆ ಹೋಗಿ ಊಟದ ಹೊತ್ತಿಗೆ ಮನೆಯಲ್ಲೇ ಇರುವ ಈ ಯಾತ್ರೆಗೆ ಸಾವಿರಾರು ಜನ ಮುಗಿಬಿದ್ದರು. ಸದ್ದಪ್ಪನ ಹೆಂಡತಿಯ ಬಾಗಿಲು ಅದರಲ್ಲಿ ರಾಕೆಟ್ಟಿನ ಬಾಗಿಲಾಯಿತು. ಟಿ.ಸಿ. ಅಮ್ಮನ ಮೆಷಿನ್ನು ಎಂಜಿನ್ನಾಯಿತು.

ಯಜಮಾನರು ತಾವು ಚಂದ್ರನಿಗೆ ಹೋಗಿಬಂದದ್ದನ್ನು ತಿಳಿಯದೆಯೇ ತೀರಿಕೊಂಡರು. ಡಾಕ್ಟರೆಂದರೆ ಅವರಿಗಿದ್ದ ಭಯ ಸುಳ್ಳಾಗಿರಲಿಲ್ಲ, ಕೊನೆಯವರೆಗೂ ತೋರಿಸಿಕೊಳ್ಳಲಿಲ್ಲ. ಆಕೆ ಮೆಷಿನ್ನಿನ ಮೇಲೆ ಹಳೆಯ ದುಪ್ಪಟಿ ಹೊದಿಸಿ, ಅದರ ಮೇಲೆ ಬಕೆಟ್ಟಿಟ್ಟು, ಕೈಯಲ್ಲೇ ಬಟ್ಟೆ ಒಗೆಯತೊಡಗಿದಳು. ಕೂರುವವರಿಲ್ಲದೆ ಅದನ್ನು ಹಾಕುವುದು ಹೇಗೆ?

ಸದ್ದಪ್ಪ ಮಾತಾಡಿಸಿಕೊಂಡು ಹೋಗಲು ಬಂದ. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಗೊತ್ತಿಲ್ಲದವನು. ಕಂಪ್ಯೂಟರನ್ನೇ ಹೊತ್ತು ತಂದು ಮೇಜಿನ ಮೇಲಿಟ್ಟ. "ಅಮ್ಮಾ, ಸ್ವಲ್ಪ ರಾಕೆಟ್ ನೋಡ್ತೀರಾ?" ಎಂದ. ಗಂಡ ಸತ್ತವಳಿಗೆ ರಾಕೆಟ್ಟು ತೋರಿಸುವವನನ್ನು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಎಂಜಿನ್ ಹೊತ್ತಿಕೊಂಡಿತು.

ಗುಡುಗಿನ ನಡುವೆ, ಹಲ್ಲು ಬಿಗಿಹಿಡಿದ "ಹ್ಞೂಂ". ಆಮೇಲೆ ಕುಲುಕಿ ಚೂರುಚೂರಾದ ಒಂದು ಕೆಮ್ಮು.

ಆಕೆ ತೆರೆದ ಬಾಯನ್ನು ಮುಚ್ಚಿದಳು.

"ಇನ್ನೊಂದು ಸಲ ಹಾಕು."

ಅಂದಿನಿಂದ ಆಕೆ ವಾರವಾರವೂ ಮೇಲಿನ ಮನೆಗೆ ಹೋಗುವುದು ರೂಢಿಯಾಯಿತು. ಟಿ.ಸಿ. ಅಮ್ಮನಿಗೆ ಈ ವಯಸ್ಸಿನಲ್ಲಿ ಖಗೋಳದ ಹುಚ್ಚು ಹಿಡಿದಿದೆ ಎಂದು ಕಟ್ಟಡದವರು ಆಡಿಕೊಂಡರು. ಹುಚ್ಚು ಹಿಡಿದವಳು ಪರದೆಯನ್ನೇ ನೋಡದೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಸದ್ದಪ್ಪ ರಾಕೆಟ್ಟು ಓಡಿಸುವುದರಲ್ಲಿ ಅಷ್ಟಕ್ಕಷ್ಟೇ. "ಅಮ್ಮಾ, ದಾರಿ ತಪ್ತು, ಸಮುದ್ರಕ್ಕೆ ಬೀಳ್ತಾ ಇದೆ," ಎನ್ನುತ್ತಿದ್ದ.

"ಎಲ್ಲಿಗಾದ್ರೂ ಬೀಳ್ಲಿ, ಎಂಜಿನ್ ಮಾತ್ರ ಆರಿಸ್ಬೇಡ," ಎನ್ನುತ್ತಿದ್ದಳು ಆಕೆ.

ಅಷ್ಟರಲ್ಲಿ ಆಟದ ಎರಡನೇ ಭಾಗದ ಕೆಲಸ ಶುರುವಾಯಿತು. ಮೊದಲ ಭಾಗ ಮಾಡುವಾಗ ದುಡ್ಡಿರಲಿಲ್ಲ, ಆದ್ದರಿಂದ ಜಗಳವೂ ಇರಲಿಲ್ಲ. ಈಗ ಎರಡೂ ಬಂದವು. ಹೊಸ ಆಫೀಸು, ತಿರುಗುವ ಕುರ್ಚಿಗಳು, ರಾಕೆಟ್ಟಿನ ದಾರಿಯ ಲೆಕ್ಕ ಹಾಕಲೆಂದೇ ಒಬ್ಬ ಹುಡುಗಿ. ಅವಳನ್ನು ಎಲ್ಲರೂ ಲೆಕ್ಕದ ಹುಡುಗಿ ಎನ್ನುತ್ತಿದ್ದರು. ಮೊದಲ ಭಾಗದಲ್ಲಿ ಎಂಜಿನ್ ಒಂದೋ ಉರಿಯುತ್ತಿತ್ತು, ಇಲ್ಲವೋ ಆರುತ್ತಿತ್ತು. ಎರಡನೇ ಭಾಗದಲ್ಲಿ ಹಿಡಿ ಎಳೆದಷ್ಟು ಏರಬೇಕು, ಬಿಟ್ಟಷ್ಟು ಇಳಿಯಬೇಕು, ಸದ್ದೂ ಜೊತೆಗೇ ಏರಿಳಿಯಬೇಕು. ಹಳೆಯ ರೆಕಾರ್ಡಿಂಗಿನಲ್ಲಿದ್ದುದು ಪೂರ್ತಿ ವೇಗದ ಒಂದು ತುಣುಕು ಮಾತ್ರ. ಅದನ್ನು ಎಳೆದು ಹಿಗ್ಗಿಸಿ ನೋಡಿದರು, ಹಸು ಅರಚಿದ ಹಾಗಾಯಿತು.

ದುಪ್ಪಟಿ ಹೊದಿಸಿಟ್ಟ ಟಿ.ಸಿ. ಅಮ್ಮನ ಮೆಷಿನ್ನನ್ನು ಕೇಳಲು ಬಾಯಿ ಬಾರದೆ, ಸದ್ದಪ್ಪ ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದನ್ನು ಗುಜರಿಯಿಂದ ಹುಡುಕಿ ತಂದು ಆಫೀಸಿನಲ್ಲಿ ಓಡಿಸಿದ. ಅದು ನೆಟ್ಟಗೆ ನಿಂತು ಸೊಗಸಾಗಿ ಗುಡುಗಿತು. ಅದನ್ನೇ ಹಾಕಿ ಹಳೆಯ ಆಟಗಾರರಿಗೆ ರುಚಿ ನೋಡಲು ಕೊಟ್ಟರು. ಅವರು ಬರೆದು ಕಳಿಸಿದ್ದನ್ನು ಸದ್ದಪ್ಪ ಟಿ.ಸಿ. ಅಮ್ಮನಿಗೆ ಓದಿ ಹೇಳಿದ. ಆಕೆಗೆ ತನ್ನ ರುಜು ಮತ್ತು ಬಸ್ಸಿನ ಬೋರ್ಡು ಬಿಟ್ಟರೆ ಉಳಿದ ಅಕ್ಷರಗಳ ಜೊತೆ ಅಷ್ಟು ಬಳಕೆ ಇರಲಿಲ್ಲ.

"ಒಬ್ಬ ಬರೀತಾನೆ, ಎಂಜಿನ್ ಇದೆ, ಜೀವ ಇಲ್ಲ ಅಂತ. ಇನ್ನೊಬ್ಬ, ಮೊದಲನೇದರಲ್ಲಿ ನನ್ನ ಜೊತೆ ಯಾರೋ ಇದ್ದ ಹಾಗಿರ್ತಿತ್ತು, ಇದರಲ್ಲಿ ನಾನೊಬ್ಬನೇ, ಭಯ ಆಗುತ್ತೆ ಅಂತಾನೆ."

ಆಕೆ ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ಬೆರಳು ನಿಂತಿತು.

"ಅದಕ್ಕೆ ನಿಮ್ಮ ಒಡೆಯ ಏನಂದ?"

"ಶುಕ್ರವಾರದೊಳಗೆ ಹಳೇ ಎಂಜಿನ್ ಸಿಗದಿದ್ರೆ ಎಲ್ಲಿಂದಾದ್ರೂ ರೆಡಿಮೇಡ್ ಸದ್ದು ಕೊಂಡು ಹಾಕ್ತಾರಂತೆ. ರೆಡಿಮೇಡ್ ಬಂದ ಮೇಲೆ ದರ್ಜಿಗೇನು ಕೆಲಸ? ನೀನು ಬೇರೆ ಕಡೆ ನೋಡ್ಕೋ ಅಂದ್ರು." ಅವನು ಕತ್ತು ವಾಲಿಸಿ ನಕ್ಕ. "ನನಗೇನಮ್ಮ, ಕಿವುಡರ ಅಂಗಡಿಗೆ ವಾಪಸ್ ಹೋಗ್ತೀನಿ. ಈ ಸಲ ಗಿರಾಕಿಯಾಗಿ."

ಆಕೆ ನಗಲಿಲ್ಲ. ಹೇಳಿದರೆ ಯಜಮಾನರಿಗೆ ಕೊಟ್ಟ ಮಾತು ಮುರಿಯುತ್ತದೆ. ಹೇಳದಿದ್ದರೆ ಇವನ ಅನ್ನಕ್ಕೆ ಕಲ್ಲು. ಆಕೆ ಎರಡರ ನಡುವೆ ಒಂದು ಸಂದಿ ಹುಡುಕಿದಳು.

"ನಮ್ಮ ಮನೇಲಿರೋ ಹಳೇದನ್ನೇ ಬಂದು ಓಡಿಸಿಕೊಳ್ಳಿ. ಮೆಷಿನ್ನು ಅದೇ ತಾನೇ?"

ಮೆಷಿನ್ನು ಸಿಕ್ಕರೆ ಅವರ ಪಾಡಿಗೆ ಅವರು ಏನೋ ಮಾಡಿಕೊಳ್ಳುತ್ತಾರೆ, ತನ್ನ ಬಾಯಿ ಮುಚ್ಚಿಯೇ ಇರುತ್ತದೆ ಎಂದು ಆಕೆಯ ಲೆಕ್ಕ.

ಗುರುವಾರ ಬೆಳಿಗ್ಗೆ ಇಡೀ ಕಂಪನಿ ಬಚ್ಚಲಿಗೆ ಬಂತು. ಸದ್ದಪ್ಪ, ಒಡೆಯ, ಲೆಕ್ಕದ ಹುಡುಗಿ, ಜೊತೆಗೆ ಬೆಕ್ಕಿನ ಬಾಲದಂಥ ತುಪ್ಪಟದ ಮೈಕುಗಳು. ದುಪ್ಪಟಿ ತೆಗೆದರು. ಒಡೆಯ ಬಚ್ಚಲನ್ನು ಒಂದು ಸುತ್ತು ನೋಡಿ, "ನಮ್ಮ ರಾಕೆಟ್ ಉಡಾವಣಾ ಕೇಂದ್ರ ಇದೇನಾ?" ಎಂದ.

"ಕಾಲು ಒರೆಸಿಕೊಂಡು ಬನ್ನಿ," ಎಂದಳು ಟಿ.ಸಿ. ಅಮ್ಮ.

ಮೆಷಿನ್ನು ಬಹಳ ಕಾಲದ ಮೇಲೆ ನೀರು ಕುಡಿಯಿತು, ಬಟ್ಟೆ ತಿರುವಿತು, ಹಿಂಡಲು ಶುರು ಮಾಡಿತು. ಮೊದಲು ಮೈ ಕೊಡವಿತು. ಆಮೇಲೆ ಮೋಟುಗಾಲನ್ನು ಮುಂದಿಟ್ಟಿತು. ಲೆಕ್ಕದ ಹುಡುಗಿ "ಸರ್, ಅದು ಬರ್ತಾ ಇದೆ," ಎಂದಳು. "ಬರ್ಲಿ ಬಿಡು," ಎಂದ ಒಡೆಯ, ಕಿವಿಗೆ ಇಯರ್‌ಫೋನ್ ಹಾಕಿಕೊಂಡವನು. ಮೆಷಿನ್ನು ಮೈಕನ್ನು ಕೆಡವಿತು, ಬಕೆಟ್ಟನ್ನು ಒದೆಯಿತು, ನಳಿಗೆಯನ್ನು ಕಿತ್ತುಕೊಂಡು ಒಡೆಯನ ಹೊಸ ಬೂಟಿನ ಮೇಲೆ ನೀರು ಉಗುಳಿತು. ಒಡೆಯ ಹಿಮ್ಮೆಟ್ಟಿ ಹಿಮ್ಮೆಟ್ಟಿ ನಡುಮನೆಯವರೆಗೆ ಹೋದ. ಅದೂ ಹಿಂದೆಯೇ ಹೋಗುತ್ತಿತ್ತೋ ಏನೋ, ವೈರು ಸಾಲದೆ ಪ್ಲಗ್ಗು ಕಳಚಿ ಹೊಸ್ತಿಲಲ್ಲಿ ನಿಂತಿತು.

"ಹೋದ ಸಲ ಇದು ಹೀಗೆ ನಡೀಲಿಲ್ಲ," ಎಂದ ಸದ್ದಪ್ಪ.

"ಹೋದ ಸಲ ಹೇಗೆ ನಿಲ್ಲಿಸಿದ್ರಿ ಅಮ್ಮಾ?" ಎಂದು ಕೇಳಿದಳು ಲೆಕ್ಕದ ಹುಡುಗಿ.

"ಇಟ್ಟಿಗೆ ಇಟ್ಟಿದ್ದೆ," ಎಂದಳು ಟಿ.ಸಿ. ಅಮ್ಮ. ಯಜಮಾನರ ಆತ್ಮಕ್ಕೆ ಇದಕ್ಕಿಂತ ಹೆಚ್ಚು ಅವಮಾನ ಮಾಡಿದ್ದು ಆಕೆಗೆ ನೆನಪಿಲ್ಲ.

ಇಟ್ಟಿಗೆ ತರಿಸಿದರು. ಹೊರಿಸಿದರು. ಮೆಷಿನ್ನು ನಿಂತಿತು, ಗುಡುಗಿತು. ಸದ್ದಪ್ಪ ಕಣ್ಣು ಮುಚ್ಚಿ ಕೇಳಿದ. ತೆರೆದಾಗ ಮುಖ ಸಪ್ಪಗಿತ್ತು.

"ಇಟ್ಟಿಗೆ ಸದ್ದು," ಎಂದ.

"ಇಡೀ ತಲೆಬಿಸಿಯೇ ದಂಡ," ಎಂದಳು ಲೆಕ್ಕದ ಹುಡುಗಿ. "ಅಲ್ಲಿ ಮೇಲೆ ಗಾಳಿನೇ ಇಲ್ಲ. ಗಾಳಿ ಇಲ್ಲದ ಕಡೆ ಸದ್ದೆಲ್ಲಿಂದ ಬರುತ್ತೆ? ನಿಜವಾದ ಆಟ ಅಂದ್ರೆ ಎಂಜಿನ್ ಮೂಗ ಇರಬೇಕು."

"ಹೊರಗೆ ಇಲ್ಲ ಕಣಮ್ಮ," ಎಂದ ಸದ್ದಪ್ಪ. ವೈರು ಸುತ್ತಿಕೊಳ್ಳುತ್ತಿದ್ದ. "ಒಳಗೆ ಕೂತಿರ್ತಾನಲ್ಲ, ಅವನಿಗೆ ಕೇಳುತ್ತೆ. ಕಿವಿಯಿಂದಲ್ಲ, ಕೂತ ಜಾಗದಿಂದ. ಕುರ್ಚಿಯಿಂದ ಬೆನ್ನಿಗೆ, ಬೆನ್ನಿಂದ ಹಲ್ಲಿಗೆ. ಹಳೇದರಲ್ಲಿ ಅದಿತ್ತು. ಯಾರೋ ಕೂತ ಹಾಗಿತ್ತು. ಎಲ್ಲಿಂದ ಬಂತೋ, ನನಗೇ ತಿಳೀದು." ಒಡೆಯನ ಕಡೆ ತಿರುಗಿದ. "ಆಯ್ತು ಸರ್. ರೆಡಿಮೇಡ್ ತಗೊಳ್ಳಿ."

ಅವನು ಮೈಕನ್ನು ಪೆಟ್ಟಿಗೆಯೊಳಗಿಟ್ಟು, ಮಗುವಿಗೆ ಹೊದಿಸುವ ಹಾಗೆ ಬಟ್ಟೆ ಮುಚ್ಚಿದ. ಪೆಟ್ಟಿಗೆ ಮುಚ್ಚುವ ಮೊದಲು ಕತ್ತು ವಾಲಿಸಿ ಮುಚ್ಚಳದ ಕೀಲಿನ ಸದ್ದು ಕೇಳಿದ, ಅಂಥ ಹೊತ್ತಿನಲ್ಲೂ.

ಟಿ.ಸಿ. ಅಮ್ಮ ಬಚ್ಚಲೊಳಗೆ ಹೋದಳು. ಆಣೆ ಮಾಡಿದ ಅದೇ ನಲ್ಲಿಯನ್ನು ಒಂದು ಸಲ ತಿರುಗಿಸಿದಳು, ನೀರು ಬಿಟ್ಟಳು, ನಿಲ್ಲಿಸಿದಳು. ವಿಷಯ ಬಚ್ಚಲು ದಾಟಿ ಹೋಗಬಾರದು ಎಂದು ಯಜಮಾನರು ಹೇಳಿದ್ದು ನಿಜ. ಬಚ್ಚಲೊಳಗೇ ಹೇಳಿದರೆ?

"ಎಲ್ಲರೂ ಒಳಗೆ ಬನ್ನಿ," ಎಂದು ಕರೆದಳು. "ಬಾಗಿಲು ಹಾಕಿಕೊಳ್ಳಿ."

ಕಂಪನಿ ಒಳಗೆ ಒತ್ತಿಕೊಂಡು ನಿಂತಿತು. ಒಡೆಯನ ಹೊಟ್ಟೆಗೇ ಅರ್ಧ ಜಾಗ ಹೋಯಿತು.

"ಇಟ್ಟಿಗೆ ಸುಳ್ಳು," ಎಂದಳು ಟಿ.ಸಿ. ಅಮ್ಮ. "ನಮ್ಮೆಜಮಾನ್ರು ಇದರ ಮೇಲೆ ಕೂರ್ತಿದ್ರು. ನೀನು ಮೈಕು ಬಿಟ್ಟ ದಿನಾನೂ ಕೂತಿದ್ರು. ಆ ಹ್ಞೂಂಕಾರ ಅವರದು, ಹಲ್ಲು ಬೀಳದೆ ಇರ್ಲಿ ಅಂತ. ಕೆಮ್ಮೂ ಅವರದೇ. ಈ ಮಾತು ಈ ನಾಲ್ಕು ಗೋಡೆ ದಾಟಿದ್ರೆ ನಿಮ್ಮ ಆಟ ಹಾಳಾಗಿ ಹೋಗ್ಲಿ."

ಯಾರೂ ನಗಲಿಲ್ಲ. ಒಡೆಯನಿಗೆ ನಗು ಬಂದಿತ್ತು, ಆದರೆ ಲೆಕ್ಕದ ಹುಡುಗಿ ಅವನ ಒದ್ದೆ ಬೂಟನ್ನು ತುಳಿದಳು. ಸದ್ದಪ್ಪನ ಕತ್ತು ಜೀವಮಾನದಲ್ಲೇ ಮೊದಲ ಸಲ ನೆಟ್ಟಗಾಯಿತು. ವಾರವಾರವೂ ಆಕೆ ಕಣ್ಣು ಮುಚ್ಚಿ ಕೂರುತ್ತಿದ್ದುದು ಅವನಿಗೆ ಈಗ ನೆನಪಾಗಿರಬೇಕು.

"ಅಮ್ಮಾ, ನಾನು ಎಷ್ಟು ಸಲ ಅವರನ್ನ ಸಮುದ್ರಕ್ಕೆ ಬೀಳಿಸಿದೀನಿ," ಎಂದ.

"ಅವರಿಗೆ ಈಜು ಬರ್ತಿತ್ತು, ಬಿಡು."

ಈಗ ಕೂರುವವರು ಯಾರು ಎಂಬ ಪ್ರಶ್ನೆ ಎದ್ದಿತು. ಒಡೆಯ ಕೂತರೆ ಮೆಷಿನ್ನೇ ನೆಲಕ್ಕೆ ಕೂರುತ್ತಿತ್ತು. ಹುಡುಗಿ ಕಡ್ಡಿ. ಸದ್ದಪ್ಪ ಮೈಕು ಹಿಡಿಯಬೇಕು. ಅವರು ಒಬ್ಬರನ್ನೊಬ್ಬರು ಅಳೆಯುತ್ತಿರುವಾಗ ಟಿ.ಸಿ. ಅಮ್ಮ ಇಟ್ಟಿಗೆಗಳನ್ನು ಕೆಳಗಿಳಿಸಿ ಸ್ಟೂಲು ಎಳೆದುಕೊಂಡಳು.

"ಅಮ್ಮಾ, ನೀವು ಬೇಡ, ಬಿದ್ದೀರಿ," ಎಂದಳು ಹುಡುಗಿ.

"ನಿಮ್ಮ ರಾಕೆಟ್ಟಿಗಿಂತ ಕಡಿಮೆ ಬೀಳ್ತೀನಿ. ಕೈ ಕೊಡು."

ಹತ್ತಿ ಬಾಗಿಲಿಗೆ ಮುಖ ಮಾಡಿ ಕೂತಳು. ಎದುರಿಗೆ ಬಾಗಿಲಿತ್ತು, ಹಾಗಾಗಿ ಆ ಕಡೆ ಕೂತಳು, ಅಷ್ಟೇ. ಸದ್ದಪ್ಪ ಗುಂಡಿ ಒತ್ತಿದ. ಗುಡುಗು ಕೆಳಗಿನಿಂದ ಹೊರಟು ಬೆನ್ನು ಹಿಡಿದು ಮೇಲೆ ಬಂತು. ಆಕೆಯ ಹಲ್ಲು ಸ್ವಂತದ್ದೇ, ಆದರೂ ಕಟಕಟ ಎಂದಿತು. ತಡೆಯಲು ಬಾಯಿ ಬಿಗಿದಳು, ತನ್ನಷ್ಟಕ್ಕೆ "ಹ್ಞೂಂ" ಹೊರಟಿತು. ನಡುವೆ ಒಂದು ಕೆಮ್ಮೂ ಬಂತು. ಕರೆಸಿದ್ದಲ್ಲ, ತಾನಾಗಿ ಬಂದದ್ದು. ಮೆಷಿನ್ನು ಏರಿತು, ತುದಿ ಮುಟ್ಟಿತು, ಇಳಿಯಿತು, ನಿಂತಿತು.

ಒಡೆಯ ಕಿವಿಯಿಂದ ಇಯರ್‌ಫೋನ್ ತೆಗೆದ. ಹಾಸಿಗೆ ಮಾರುವ ಕಾಲದಿಂದಲೂ ಅವನು ಒಳ್ಳೆಯ ಸರಕು ಕಂಡಾಗ ಬೆರಳಿನಿಂದ ಒತ್ತಿ ನೋಡುತ್ತಿದ್ದ. ಈಗಲೂ ಗಾಳಿಯನ್ನು ಒತ್ತಿ ನೋಡಿದ.

"ಇದೇ," ಎಂದ. "ರೆಡಿಮೇಡ್ ಬೇಡ. ಸದ್ದಪ್ಪ, ಎರಡನೇ ಭಾಗ ಮುಗಿಯೋವರೆಗೂ ನೀನು ಎಲ್ಲಿಗೂ ಹೋಗೋ ಹಾಗಿಲ್ಲ. ಮೂರನೇದಕ್ಕೂ ಸೇರಿಸಿಕೋ."

ಅವನು ಬೂಟಿನಿಂದ ನೀರು ಚೆಲ್ಲಿ ಹೊರಟ. ಲೆಕ್ಕದ ಹುಡುಗಿ ಇಟ್ಟಿಗೆಗಳನ್ನು ಹೊರಗೆ ಸಾಗಿಸತೊಡಗಿದಳು. ಟಿ.ಸಿ. ಅಮ್ಮ ಇನ್ನೂ ಮೆಷಿನ್ನಿನ ಮೇಲೆಯೇ ಇದ್ದಳು, ಕಾಲಿನ ನಡುಕ ನಿಂತ ಮೇಲೆ ಇಳಿಯೋಣ ಎಂದು. ಎದುರಿಗೆ ಸದ್ದಪ್ಪ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಈಗಷ್ಟೇ ಹಿಡಿದದ್ದನ್ನು ಮತ್ತೆ ಕೇಳುತ್ತಿದ್ದ. ಅವನ ಕತ್ತು ಮತ್ತೆ ವಾಲಿತು. ಹಳೆಯದನ್ನು ಹಾಕಿ ಕೇಳಿದ. ಹೊಸದನ್ನು ಹಾಕಿದ. ಮತ್ತೆ ಹಳೆಯದನ್ನು.

"ಕೆಲಸ ಉಳೀತಲ್ಲ, ಇನ್ನೇನಯ್ಯಾ ನಿನ್ನ ಗೋಳು?" ಎಂದಳು ಆಕೆ.

"ಎಲ್ಲಾ ಸರಿ ಇದೆ ಅಮ್ಮಾ. ಒಡೆಯರಿಗೆ ಇದು ಸಾಕು. ಆದ್ರೆ ಈ ಹ್ಞೂಂ ಬಾಗಿಲಿಗೆ ಹೇಳಿದ ಹಾಗಿದೆ. ಯಜಮಾನ್ರದು ಹಾಗಲ್ಲ, ಎದುರಿಗಿದ್ದವರಿಗೆ ಹೇಳಿದ ಹಾಗಿದೆ." ಅವನು ಮೈಕನ್ನು ಪೆಟ್ಟಿಗೆಯಿಂದ ಮತ್ತೆ ಹೊರತೆಗೆದು, ಆಕೆಯ ಮುಖ ನೋಡದೆ, ನೆಲ ನೋಡಿಕೊಂಡು ಕೇಳಿದ:

"ಅವರು ಯಾವ ಕಡೆ ಮುಖ ಮಾಡಿ ಕೂರ್ತಿದ್ರು?"